ಹೆಸರಿಲ್ಲದ ಗೋರಿಗೆ ಹೆಸರು ತಂದವರು

ದಶಕಗಳ ಹಿಂದೆ ಸಿಕ್ಕ ಅಪರಿಚಿತ ಶವ. ಕಡತಕ್ಕೆ ದೂಳು ಹಿಡಿದಿದೆ, ತನಿಖಾಧಿಕಾರಿ ನಿವೃತ್ತರಾಗಿದ್ದಾರೆ. ಆಗ ಕೈಹಾಕಿದವರು ಕಾರ್ಖಾನೆಯ ಕೆಲಸಗಾರ, ಗ್ರಂಥಪಾಲಕಿ, ವಂಶಾವಳಿಯ ಹುಚ್ಚು ಹತ್ತಿಸಿಕೊಂಡ ನಿವೃತ್ತರು. ಸಂಬಳವಿಲ್ಲ, ಬ್ಯಾಡ್ಜಿಲ್ಲ. ಆದರೂ ಅವರು ಹುಡುಕಿದರು, ಹೆಸರು ತಂದರು!

1968ರ ಮೇ 17. ಅಮೆರಿಕದ ಕೆಂಟಕಿ ರಾಜ್ಯದ ಜಾರ್ಜ್‌ಟೌನ್ ಪಟ್ಟಣದ ಆಚೆ, ಹೆದ್ದಾರಿ ಬದಿಯಲ್ಲಿ ವಿಲ್ಬರ್ ರಿಡಲ್ ತಲೆ ತಗ್ಗಿಸಿ ನಡೆಯುತ್ತಿದ್ದರು. ಬಾವಿ ಕೊರೆಯುವುದು ಅವರ ಕಸುಬು. ಅಂದು ಅವರ ಕಣ್ಣು ಅರಸುತ್ತಿದ್ದುದು ತಂತಿ ಕಂಬದ ಹಳೆಯ ಗಾಜಿನ ಇನ್ಸುಲೇಟರ್‌ಗಳನ್ನು. ಲೈನಿನ ಕೆಲಸಗಾರರು ಹಳೆಯದನ್ನು ಬಿಚ್ಚಿ ಕೆಳಗೆ ಬಿಸಾಡಿ ಹೋಗುತ್ತಿದ್ದರು. ಅದನ್ನು ಕೂಡಿಡುವ ಹವ್ಯಾಸಿಗಳಿದ್ದರು, ಕೈಗೆ ನಾಲ್ಕು ಕಾಸು ಬರುತ್ತಿತ್ತು.

ಪೊದೆಯ ಪಕ್ಕ ಹಸಿರು ಟಾರ್ಪಾಲಿನ ಒಂದು ಗಂಟು ಬಿದ್ದಿತ್ತು. ಸುತ್ತ ಹಗ್ಗ ಬಿಗಿದಿತ್ತು. ರಿಡಲ್ ಕಾಲಿನಿಂದ ತಳ್ಳಿದರು. ಗಂಟು ಇಳಿಜಾರಿನಲ್ಲಿ ಉರುಳಿತು, ಬಟ್ಟೆ ಹರಿಯಿತು, ವಾಸನೆ ಮುಖಕ್ಕೆ ಬಡಿಯಿತು. ಒಳಗಿದ್ದುದು ಏನೆಂದು ಹೇಳಲು ಯಾರೂ ಬೇಕಿರಲಿಲ್ಲ. ಅವರು ಓಡಿಹೋಗಿ ಷರೀಫ್‌ಗೆ ಸುದ್ದಿ ಮುಟ್ಟಿಸಿದರು.

ಯುವತಿಯ ಶವ. ಕಂದು ಬಣ್ಣದ ಕೂದಲು, ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು, ಜೊತೆಯಲ್ಲಿ ಒಂದು ತುಂಡು ಬಿಳಿ ಬಟ್ಟೆ. ವಯಸ್ಸು 16ರಿಂದ 19 ಇರಬಹುದು ಎಂದು ವೈದ್ಯರು ಬರೆದರು. ಪೊಲೀಸ್ ಚಿತ್ರಕಾರರು ಮುಖ ಹೀಗಿದ್ದಿರಬಹುದು ಎಂದು ಚಿತ್ರ ಬಿಡಿಸಿದರು. ಪತ್ರಿಕೆಗಳು ಅವಳನ್ನು ‘ಟೆಂಟ್ ಗರ್ಲ್’ ಎಂದು ಕರೆದವು. ಯಾರೂ ಬರಲಿಲ್ಲ. ಜಾರ್ಜ್‌ಟೌನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. 1971ರಲ್ಲಿ ಗೋರಿಗೊಂದು ಕಲ್ಲು ಬಂತು. ಹೆಸರು ಕೆತ್ತಬೇಕಾದ ಜಾಗದಲ್ಲಿ ‘ಟೆಂಟ್ ಗರ್ಲ್’ ಎಂದು ಕೆತ್ತಿ, ಮೇಲೆ ಆ ಚಿತ್ರಕಾರರು ಊಹಿಸಿದ ಮುಖವನ್ನೇ ಮೂಡಿಸಿದರು.

ಮುಂದಿನ ಕಥೆ ಒಂದು ಪ್ರೀತಿಯಿಂದ ಶುರುವಾಗುತ್ತದೆ.

ಪಕ್ಕದ ಟೆನೆಸಿ ರಾಜ್ಯದ ಲಿವಿಂಗ್‌ಸ್ಟನ್ ಎಂಬ ಸಣ್ಣ ಊರಿನ ಹುಡುಗ ಟಾಡ್ ಮ್ಯಾಥ್ಯೂಸ್‌. 1987ರಲ್ಲಿ ಅವರಿಗೆ 17 ವರ್ಷ. ಶಾಲೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಮಾತಿಗೆ ಮಾತು ಬಂದು, ‘ನನ್ನ ಅಪ್ಪನಿಗೆ ಒಮ್ಮೆ ಹೆಣ ಸಿಕ್ಕಿತ್ತು’ ಎಂದಳು. ಅವಳು ವಿಲ್ಬರ್ ರಿಡಲ್ ಮಗಳು. ಮುಂದೆ ಅವರಿಬ್ಬರ ಮದುವೆಯೂ ಆಯಿತು. ಆ ಪ್ರಕರಣದ ಬಗ್ಗೆ ಬಂದಿದ್ದ ಹಳೆಯ ಅಪರಾಧ ಪತ್ರಿಕೆಯನ್ನು ಮಾವ ಜೋಪಾನವಾಗಿ ಇಟ್ಟುಕೊಂಡಿದ್ದರು. ಅಳಿಯ ಅದನ್ನು ಓದಿದರು, ಮತ್ತೆ ಓದಿದರು. ಆ ಮುಖ ಅವರನ್ನು ಬಿಡಲಿಲ್ಲ.

ಮ್ಯಾಥ್ಯೂಸ್‌ ಅವರ ಒಡಹುಟ್ಟಿದ ಇಬ್ಬರು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡಿದ್ದರು. ಅವರ ಗೋರಿ ಎಲ್ಲಿದೆ, ಕಲ್ಲಿನ ಮೇಲೆ ಏನು ಬರೆದಿದೆ ಎಂಬುದು ಮನೆಯವರಿಗೆ ಗೊತ್ತಿತ್ತು. ಈ ಹುಡುಗಿಯ ಮನೆಯವರಿಗೆ ಅಷ್ಟೂ ಗೊತ್ತಿಲ್ಲವಲ್ಲ ಎಂಬ ಸಂಕಟ ಅವರನ್ನು ಹಿಡಿಯಿತು. ಅವರದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ಪಾಳಿ ಮುಗಿದ ಮೇಲೆ ಗ್ರಂಥಾಲಯ, ಹಳೆಯ ಪತ್ರಿಕೆಗಳ ಮೈಕ್ರೊಫಿಲ್ಮ್, ಷರೀಫ್ ಕಚೇರಿಗೆ ಫೋನು. ವರ್ಷಗಳು ಉರುಳಿದವು, ಸುಳಿವು ಸಿಗಲಿಲ್ಲ. ಅಷ್ಟರಲ್ಲಿ ಮನೆಗೆ ಕಂಪ್ಯೂಟರ್ ಬಂತು, ಅದರ ಹಿಂದೆ ಅಂತರ್ಜಾಲವೂ ಬಂತು.

1998ರ ಜನವರಿಯ ಒಂದು ರಾತ್ರಿ, ಕಾಣೆಯಾದವರ ಬಗ್ಗೆ ಮನೆಯವರು ಹಾಕಿದ್ದ ಪುಟ್ಟ ಜಾಹೀರಾತುಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ಒಂದರ ಮೇಲೆ ಕಣ್ಣು ನಿಂತಿತು. ಆರ್ಕನ್ಸಾದ ಮಹಿಳೆಯೊಬ್ಬರು ಅಕ್ಕನನ್ನು ಹುಡುಕುತ್ತಿದ್ದರು. 1967ರ ಕೊನೆಯಿಂದ ಸುಳಿವಿಲ್ಲ, ಕಂದು ಕೂದಲು, ಕೊನೆಯದಾಗಿ ಕಂಡದ್ದು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಎಂದಿತ್ತು. ಲೆಕ್ಸಿಂಗ್ಟನ್‌ನಿಂದ ಜಾರ್ಜ್‌ಟೌನ್ ಕೂಗಳತೆಯಷ್ಟು ದೂರ.

ಮಾರ್ಚ್‌ನಲ್ಲಿ ಗೋರಿ ಅಗೆದರು. ಹಲ್ಲಿನಿಂದ ತೆಗೆದ ಡಿಎನ್‌ಎ ತಂಗಿಯ ಡಿಎನ್‌ಎ ಜೊತೆ ತಾಳೆಯಾಯಿತು. 30 ವರ್ಷಗಳ ಬಳಿಕ ‘ಟೆಂಟ್ ಗರ್ಲ್’ಗೆ ಹೆಸರು ಸಿಕ್ಕಿತು: ಬಾರ್ಬರಾ ಆ್ಯನ್ ಹ್ಯಾಕ್‌ಮನ್ ಟೇಲರ್. ಸಾಯುವಾಗ ಅವರಿಗೆ 24 ವರ್ಷ, ಎಳೆಯ ಮಗಳೊಬ್ಬಳಿದ್ದಳು. ಶವದ ಜೊತೆಗಿದ್ದ ಬಿಳಿ ಬಟ್ಟೆ ಆ ಕೂಸಿನ ಲಂಗೋಟಿಯಾಗಿರಬೇಕು ಎಂಬುದು ಆಗ ಹೊಳೆಯಿತು. ತನಿಖೆಯ ಕಣ್ಣು ಬಿದ್ದದ್ದು ಗಂಡನ ಮೇಲೆ. ಆದರೆ ಅವನು 1987ರಲ್ಲೇ ಸತ್ತಿದ್ದ. ಹದಿಹರೆಯದ ಹುಡುಗಿ ಎಂದು ವೈದ್ಯರು ಬರೆದ ಒಂದು ಸಾಲಿನಿಂದಾಗಿ, ಎಳೆಮಗುವಿನ ತಾಯಿಯನ್ನು ಕಳೆದುಕೊಂಡ ಮನೆಯತ್ತ ಯಾರೂ ತಿರುಗಿಯೇ ನೋಡಿರಲಿಲ್ಲ.

ಪೊಲೀಸರಿಗೆ ಗೊತ್ತಿರದ ಯಾವ ಗುಟ್ಟೂ ಮ್ಯಾಥ್ಯೂಸ್‌ ಬಳಿ ಇರಲಿಲ್ಲ. ಶವದ ವಿವರ ಕೆಂಟಕಿಯ ಒಂದು ಕಚೇರಿಯಲ್ಲಿತ್ತು, ಅಕ್ಕನನ್ನು ಕಳೆದುಕೊಂಡವರ ಅಳಲು ಇನ್ನೊಂದು ರಾಜ್ಯದಲ್ಲಿತ್ತು. ಎರಡನ್ನೂ ಒಬ್ಬನೇ ಮನುಷ್ಯ ಓದಬೇಕಿತ್ತು, ಅಷ್ಟೇ. ಕೈತುಂಬ ಹೊಸ ಪ್ರಕರಣಗಳಿರುವ ಠಾಣೆಗೆ ಅದಕ್ಕೆ ಪುರುಸೊತ್ತು ಇರಲಿಲ್ಲ. ಇವರು ಹತ್ತು ವರ್ಷ ಅದಕ್ಕಾಗಿಯೇ ಕೂತರು. ಹವ್ಯಾಸಿ ಪತ್ತೇದಾರರು ಗೆದ್ದ ಪ್ರಕರಣಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಇದೇ ಮತ್ತೆ ಮತ್ತೆ ಕಾಣುತ್ತದೆ. ಚಾಣಾಕ್ಷತನಕ್ಕಿಂತ ಹಠವೇ ಹೆಚ್ಚು ಕೆಲಸ ಮಾಡಿದೆ. ಮತ್ತು ಆಚೆ ತುದಿಯಲ್ಲಿ ಆಸೆ ಬಿಡದ ಯಾರೋ ಒಬ್ಬರು, ತಂಗಿಯೋ ತಾಯಿಯೋ ಮಲತಮ್ಮನೋ, ಎಲ್ಲೋ ಒಂದು ಕಡೆ ನಾಲ್ಕು ಸಾಲು ಬರೆದಿಟ್ಟಿರುತ್ತಾರೆ.

ಸದ್ದಿಲ್ಲದ ಸಾಮೂಹಿಕ ದುರಂತ

*ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,400 ಗುರುತು ಸಿಗದ ಶವಗಳು ದೊರೆಯುತ್ತವೆ. ವರ್ಷ ಕಳೆದ ಮೇಲೂ ಅವುಗಳಲ್ಲಿ ಸುಮಾರು 1,000 ಶವಗಳಿಗೆ ಹೆಸರು ಸಿಕ್ಕಿರುವುದಿಲ್ಲ. 2007ರಲ್ಲಿ ಅಲ್ಲಿನ ನ್ಯಾಯ ಇಲಾಖೆಯ ಸಂಶೋಧನಾ ಪತ್ರಿಕೆ ಇದನ್ನು ದೇಶದ ಸದ್ದಿಲ್ಲದ ಸಾಮೂಹಿಕ ದುರಂತ ಎಂದು ಕರೆಯಿತು.*

*‘ಡೋ’ ಎಂಬುದು ಇಂಗ್ಲಿಷ್ ಕಾನೂನಿನಲ್ಲಿ ಹೆಸರು ತಿಳಿಯದವರಿಗೆ ಇಡುವ ಹೆಸರು. ಗಂಡಾದರೆ ಜಾನ್ ಡೋ, ಹೆಣ್ಣಾದರೆ ಜೇನ್ ಡೋ. 1999ರಲ್ಲಿ ಶುರುವಾದ ಸ್ವಯಂಸೇವಕರ ‘ಡೋ ನೆಟ್‌ವರ್ಕ್’ ಹೆಸರು ಬಂದದ್ದು ಅಲ್ಲಿಂದ.*

ಮ್ಯಾಥ್ಯೂಸ್‌ ಡೋ ನೆಟ್‌ವರ್ಕ್‌ನ ಮುಂಚೂಣಿಗೆ ಬಂದರು. ದೇಶದ ಮೂಲೆಮೂಲೆಯ ಗೃಹಿಣಿಯರು, ನರ್ಸ್‌ಗಳು, ನಿವೃತ್ತರು ಸೇರಿಕೊಂಡರು. ಅವರ ರಾತ್ರಿಗಳು ಎರಡು ಪಟ್ಟಿಗಳ ನಡುವೆ ಕಳೆಯತೊಡಗಿದವು. ಒಂದು ಕಡೆ ಸಿಕ್ಕ ಶವಗಳು, ಇನ್ನೊಂದು ಕಡೆ ಕಾಣೆಯಾದವರು.

ಈ ಕೆಲಸ ಹೊರಗಿನಿಂದ ಕಂಡಷ್ಟು ರೋಚಕವಲ್ಲ. ಮೊದಲು ದಿನಾಂಕ ನೋಡಬೇಕು: ಮನುಷ್ಯ ಕಾಣೆಯಾದದ್ದು ಶವ ಸಿಗುವ ಮೊದಲೋ ನಂತರವೋ? ಆಮೇಲೆ ಎತ್ತರ. ಮನೆಯವರು ಹೇಳುವ ಎತ್ತರ ಅಂದಾಜಿನದು, ಮೂಳೆ ಅಳೆದು ಹೇಳುವುದೂ ಅಂದಾಜೇ. ವಯಸ್ಸಂತೂ ಬಾರ್ಬರಾ ಪ್ರಕರಣದಲ್ಲಿ ಆದಂತೆ ಕೈಕೊಡಬಹುದು. ನೆಚ್ಚಬಹುದಾದವು ಹಳೆಯ ಮೂಳೆಮುರಿತ, ಹಲ್ಲಿಗೆ ತುಂಬಿಸಿದ ಸಿಮೆಂಟು, ಹಚ್ಚೆ, ಶಸ್ತ್ರಚಿಕಿತ್ಸೆಯ ಗುರುತು. ನೂರು ಹೊಂದಾಣಿಕೆಯಲ್ಲಿ ತೊಂಬತ್ತೊಂಬತ್ತು ಬಿದ್ದುಹೋಗುತ್ತವೆ ಎಂಬುದು ತಿಳಿದೇ ಕೂರಬೇಕು. ಸದಸ್ಯರಿಗೆ ಹೊಳೆದ ಊಹೆ ನೇರವಾಗಿ ಪೊಲೀಸರಿಗೆ ಹೋಗುವಂತಿಲ್ಲ. ಡೋ ನೆಟ್‌ವರ್ಕ್‌ನಲ್ಲಿ ಅದನ್ನು ತೂಗಿ ನೋಡಲೆಂದೇ ಒಂದು ತಂಡವಿದೆ. ತನಿಖಾಧಿಕಾರಿಗಳ ಫೋನು ಬಡಿದುಕೊಳ್ಳುತ್ತಲೇ ಇದ್ದರೆ ನಿಜವಾದ ಸುಳಿವನ್ನೂ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ.

ಜನ ಮಾಡಿದ್ದನ್ನು ಸರ್ಕಾರವೂ ಕಂಡಿತು. ನ್ಯಾಯ ಇಲಾಖೆಯ ‘ನ್ಯಾಮಸ್’ ಎಂಬ ದತ್ತಾಂಶ ಕೋಶ 2007ರಲ್ಲಿ ಅಪರಿಚಿತ ಶವಗಳಿಗಾಗಿ ತೆರೆಯಿತು, ಮರುವರ್ಷ ಕಾಣೆಯಾದವರ ಪಟ್ಟಿ ಸೇರಿತು, 2009ರಲ್ಲಿ ಎರಡನ್ನೂ ಒಂದಕ್ಕೊಂದು ಬೆಸೆದರು. ವೈದ್ಯಾಧಿಕಾರಿ, ಪೊಲೀಸ್, ಸಾಮಾನ್ಯ ಪ್ರಜೆ ಮೂವರೂ ನೋಡಬಹುದಾದ ಪಟ್ಟಿ ಅದು. ಪೊಲೀಸ್ ದಾಖಲೆ ಪೊಲೀಸರಿಗೆ ಮಾತ್ರ ಎಂಬ ರೂಢಿ ಅಲ್ಲಿಗೆ ಮುರಿಯಿತು. ಮ್ಯಾಥ್ಯೂಸ್‌ ಮುಂದೆ ನ್ಯಾಮಸ್‌ನಲ್ಲೇ ಕೆಲಸಕ್ಕೆ ಸೇರಿದರು.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ? 1995ರ ಜೂನ್ 26ರಂದು ವರ್ಜೀನಿಯಾದಲ್ಲಿ ಒಂದು ವ್ಯಾನು ಅಪಘಾತಕ್ಕೀಡಾಗಿ ಅದರಲ್ಲಿದ್ದ ಇಬ್ಬರು ಯುವಕರು ಸತ್ತರು. ಚಾಲಕನ ಗುರುತು ಸಿಕ್ಕಿತು. ಪಕ್ಕದಲ್ಲಿದ್ದವನ ಜೇಬಿನಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ಪ್ರಸಿದ್ಧ ವಾದ್ಯವೃಂದದ ಕಛೇರಿಯ ಎರಡು ಟಿಕೆಟ್, ‘ಜೇಸನ್’ ಎಂಬಾತನಿಗೆ ಬರೆದ ಒಂದು ಚೀಟಿ ಇತ್ತು, ಗುರುತು ಹೇಳುವ ಬೇರೇನೂ ಇರಲಿಲ್ಲ. 20 ವರ್ಷ ಅವನು ‘ಗ್ರೇಟ್‌ಫುಲ್ ಡೋ’ ಆಗಿಯೇ ಉಳಿದ. ಕೊನೆಗೆ ಆಸ್ಟ್ರೇಲಿಯಾದ ಯುವತಿಯೊಬ್ಬಳು ಅವನ ಮುಖದ ಚಿತ್ರವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚತೊಡಗಿದಳು. ಹಿಂದೊಮ್ಮೆ ಅವನ ಜೊತೆ ಒಂದೇ ಮನೆಯಲ್ಲಿದ್ದವನೊಬ್ಬ ‘ಇವನು ನಮ್ಮ ಜೇಸನ್ ಥರ ಇದ್ದಾನೆ’ ಎಂದು ಹಳೆಯ ಫೋಟೊ ಹಾಕಿದ. 2015ರ ಡಿಸೆಂಬರ್‌ನಲ್ಲಿ ಡಿಎನ್‌ಎ ಹೌದೆಂದಿತು. ಅವನು 19 ವರ್ಷದ ಜೇಸನ್ ಕ್ಯಾಲಹನ್. ವಾದ್ಯವೃಂದದ ಹಿಂದೆ ಊರೂರು ಅಲೆಯುತ್ತಿದ್ದ ಮಗ ಯಾವ ಊರಿನಲ್ಲಿ ಕಾಣೆಯಾದ ಎಂಬುದು ತಾಯಿಗೆ ಗೊತ್ತಿರಲಿಲ್ಲ. ಯಾವ ಠಾಣೆಗೆ ಹೋಗಬೇಕೆಂದು ತಿಳಿಯದೆ ಆಕೆ ದೂರನ್ನೇ ಕೊಟ್ಟಿರಲಿಲ್ಲ. ಆ ದೂರು ದಾಖಲಾದದ್ದು 2015ರ ಜನವರಿಯಲ್ಲಿ, ಜೇಸನ್ ಸತ್ತು ಹತ್ತೊಂಬತ್ತೂವರೆ ವರ್ಷದ ಮೇಲೆ.

ಹವ್ಯಾಸಿಗಳ ಕೈಗೆ ಹೊಸ ಆಯುಧ ಬಂದದ್ದು 2017ರ ನಂತರ. ಮಾರ್ಗರೆಟ್ ಪ್ರೆಸ್‌ ಅವರು ಪತ್ತೇದಾರಿ ಕಾದಂಬರಿ ಬರೆದವರು, ನಿವೃತ್ತಿಯ ಮೇಲೆ ವಂಶವೃಕ್ಷ ಹುಡುಕುವುದು ಅವರ ಹವ್ಯಾಸ. ಸೂ ಗ್ರಾಫ್ಟನ್ ಅವರ ಒಂದು ಕಾದಂಬರಿ ಓದುತ್ತಿದ್ದಾಗ, ಅದರ ಬೀಜ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ನಿಜವಾದ ಅಪರಿಚಿತ ಶವ ಎಂದು ತಿಳಿಯಿತು. ದತ್ತು ಹೋದ ಮಕ್ಕಳಿಗೆ ಹೆತ್ತವರನ್ನು ಹುಡುಕಿಕೊಡಲು ಬಳಸುವ ವಿಧಾನ ಇಲ್ಲಿಗೂ ಒಗ್ಗಬೇಕಲ್ಲ ಎನ್ನಿಸಿತು. ಭೌತವಿಜ್ಞಾನಿ ಕಾಲೀನ್ ಫಿಟ್ಜ್‌ಪ್ಯಾಟ್ರಿಕ್‌ ಜೊತೆ ಸೇರಿ ‘ಡಿಎನ್‌ಎ ಡೋ ಪ್ರಾಜೆಕ್ಟ್’ ಕಟ್ಟಿದರು. ಅಲ್ಲಿ ವಂಶವೃಕ್ಷ ಕಟ್ಟುವವರು ಸ್ವಯಂಸೇವಕರು.

ಸೋದರ ಸಂಬಂಧಿಯಿಂದ ಸತ್ತವರ ಕಡೆಗೆ

*ಪೊಲೀಸರ ಡಿಎನ್‌ಎ ಕೋಶ ನೋಡುವುದು ಕೇವಲ 20 ತಾಣಗಳನ್ನು. ಆ ವ್ಯಕ್ತಿಯೋ ಅವನ ಹತ್ತಿರದ ರಕ್ತಸಂಬಂಧಿಯೋ ಕೋಶದಲ್ಲಿದ್ದರೆ ಮಾತ್ರ ಅದು ಹೇಳುತ್ತದೆ.*

*ವಂಶಾವಳಿ ವಿಧಾನ ಲಕ್ಷಾಂತರ ತಾಣಗಳನ್ನು ಓದುತ್ತದೆ. ಜನ ತಾವಾಗಿಯೇ ಡಿಎನ್‌ಎ ಹಾಕಿರುವ ‘ಜೆಡ್‌ಮ್ಯಾಚ್’ನಂಥ ಕೋಶದಲ್ಲಿ ಮೂರನೆಯ, ನಾಲ್ಕನೆಯ ತಲೆಮಾರಿನ ದೂರದ ಬಂಧುವಿದ್ದರೂ ಸುಳಿವು ಸಿಗುತ್ತದೆ. ಅಲ್ಲಿಂದ ಮುತ್ತಜ್ಜನವರೆಗೆ ಏರಬೇಕು. ಆಮೇಲೆ ಜನನ, ಮದುವೆ, ಮರಣದ ದಾಖಲೆ ಹಿಡಿದು ಒಂದೊಂದೇ ಕವಲಿಗೆ ಇಳಿಯಬೇಕು. ಎಲ್ಲಿ ಒಬ್ಬರ ದಾಖಲೆ ಇದ್ದಕ್ಕಿದ್ದಂತೆ ನಿಲ್ಲುತ್ತದೋ ಅಲ್ಲಿ ಹುಡುಕಬೇಕು.*

1981ರ ಏಪ್ರಿಲ್‌ನಲ್ಲಿ ಓಹಾಯೊ ರಾಜ್ಯದ ಟ್ರಾಯ್ ಊರಿನ ಬಳಿ ಚರಂಡಿಯಲ್ಲಿ ಯುವತಿಯೊಬ್ಬಳ ಶವ ಸಿಕ್ಕಿತ್ತು. ಕೆಂಗೂದಲಿಗೆ ಎರಡು ಜಡೆ, ಮೈಮೇಲೆ ಅಂಚಿಗೆ ಕುಚ್ಚಿದ್ದ ಜಿಂಕೆ ಚರ್ಮದ ಜಾಕೆಟ್. ಆ ಜಾಕೆಟ್ಟಿನಿಂದಲೇ ಅವಳು ‘ಬಕ್‌ಸ್ಕಿನ್ ಗರ್ಲ್’ ಆದಳು. ಬಟ್ಟೆಗೆ ಅಂಟಿದ ಪರಾಗ ಪರೀಕ್ಷಿಸಿದರು, ಮುಖದ ಮಾದರಿ ಮಾಡಿದರು. 37 ವರ್ಷ ಏನೂ ಸಿಗಲಿಲ್ಲ. ಕಾದಿಟ್ಟ ರಕ್ತದ ಮಾದರಿಯ ಡಿಎನ್‌ಎ ವಿವರವನ್ನು 2018ರ ವಸಂತದಲ್ಲಿ ಕೋಶಕ್ಕೆ ಹಾಕಿದ ಮೇಲೆ ಸ್ವಯಂಸೇವಕರಿಗೆ ಬೇಕಾದದ್ದು ನಾಲ್ಕೇ ಗಂಟೆ. ಅವಳು ಆರ್ಕನ್ಸಾದ ಮಾರ್ಶಾ ಕಿಂಗ್, ವಯಸ್ಸು 21. ಮಗಳು ಎಂದಾದರೂ ಫೋನು ಮಾಡಬಹುದೆಂದು ತಾಯಿ ಮನೆಯನ್ನೂ ಬದಲಿಸಿರಲಿಲ್ಲ, ಫೋನು ನಂಬರನ್ನೂ ಬದಲಿಸಿರಲಿಲ್ಲ.

ಅದೇ ವಸಂತದಲ್ಲಿ, ಇದೇ ವಿಧಾನದಿಂದ ಕ್ಯಾಲಿಫೋರ್ನಿಯಾದ ‘ಗೋಲ್ಡನ್ ಸ್ಟೇಟ್’ ಹಂತಕ ಸಿಕ್ಕಿಬಿದ್ದ. ಆ ತನಿಖೆಯ ಹಿಂದೆಯೂ ಒಬ್ಬ ಹವ್ಯಾಸಿ ಇದ್ದರು. ಪೇಟೆಂಟ್ ವಕೀಲಿಕೆಯಿಂದ ನಿವೃತ್ತರಾಗಿದ್ದ ಬಾರ್ಬರಾ ರೇ-ವೆಂಟರ್.

ಯಂತ್ರ ಬಂದರೂ ಮನುಷ್ಯರ ಓದು ಮುಗಿಯಲಿಲ್ಲ ಎಂಬುದಕ್ಕೆ ಬೇರ್ ಬ್ರೂಕ್ ಪ್ರಕರಣದಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. 1985ರ ನವೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಆಲೆನ್ಸ್‌ಟೌನ್ ಊರಿನ ಬೇರ್ ಬ್ರೂಕ್ ಬಳಿಯ ಕಾಡಿನಲ್ಲಿ ಒಂದು ಲೋಹದ ಡ್ರಮ್ಮು ಸಿಕ್ಕಿತು. ಒಳಗೆ ಹೆಂಗಸು ಮತ್ತು ಒಂದು ಮಗುವಿನ ಅವಶೇಷ. ಹದಿನಾಲ್ಕು ವರ್ಷ ಕಳೆದು, 2000ದ ಮೇ ತಿಂಗಳಲ್ಲಿ ಅಲ್ಲಿಗೆ ಹೋದ ಪೊಲೀಸ್ ಅಧಿಕಾರಿಯ ಕಣ್ಣಿಗೆ, ಮೊದಲಿನ ಜಾಗದಿಂದ ನೂರು ಮೀಟರಿನ ಆಸುಪಾಸಿನಲ್ಲೇ ಇನ್ನೊಂದು ಡ್ರಮ್ಮು ಬಿತ್ತು. ಅದರಲ್ಲಿ ಇನ್ನೂ ಎರಡು ಹೆಣ್ಣುಮಕ್ಕಳು. ನಾಲ್ವರು, ನಾಲ್ವರಿಗೂ ಹೆಸರಿಲ್ಲ.

ಕೊಂದವನು ಟೆರಿ ರಾಸ್‌ಮುಸೆನ್ ಎಂದು 2017ರಲ್ಲಿ ವಂಶಾವಳಿ ವಿಧಾನವೇ ಹೇಳಿತು. ಅವನು ಬೇರೊಂದು ಹೆಸರಿನಲ್ಲಿ, ಬೇರೊಂದು ಕೊಲೆಗಾಗಿ ಜೈಲಿನಲ್ಲಿದ್ದು 2010ರಲ್ಲೇ ಸತ್ತಿದ್ದ. ಬಾಯಿ ಬಿಡಿಸಲು ಯಾರೂ ಉಳಿದಿರಲಿಲ್ಲ.

ಕನೆಕ್ಟಿಕಟ್‌ನ ಗ್ರಂಥಪಾಲಕಿ ರೆಬೆಕಾ ಹೀತ್‌ ಮನೆಯಲ್ಲಿ ಕೂತು ಹುಡುಕಿದ್ದು ಬೇರೆಯೇ ಜಾಗದಲ್ಲಿ. ವಂಶಾವಳಿ ಹುಡುಕುವವರು ಹತ್ತಾರು ವರ್ಷಗಳ ಹಿಂದೆ ಬರೆದು ಮರೆತ ಕೋರಿಕೆಗಳಲ್ಲಿ. ‘ನನ್ನ ಮಲತಂಗಿ ಎಲ್ಲಿದ್ದಾಳೆ?’, ‘ಚಿಕ್ಕಮ್ಮನ ಸುಳಿವಿಲ್ಲ’ ಎಂಬಂಥ ಸಾವಿರಾರು ಸಾಲುಗಳನ್ನು ಓದುತ್ತ ಹೋದರು. 1970ರ ದಶಕದ ಕೊನೆಯಲ್ಲಿ ಹುಟ್ಟಿದ ಸಾರಾ ಮೆಕ್‌ವಾಟರ್ಸ್ ಎಂಬ ಮಗುವನ್ನು ಯಾರೋ ಕೇಳಿದ್ದರು. ಹೀತ್‌ ಆ ಕುಟುಂಬವನ್ನು ಹುಡುಕಿ ಮಾತನಾಡಿಸಿದರು. ಮಗುವಿನ ತಾಯಿ ಮಾರ್ಲೀಸ್ ಹನಿಚರ್ಚ್‌ 1978ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಕ್ಯಾಲಿಫೋರ್ನಿಯಾದ ತಾಯಿಮನೆಯಲ್ಲಿ ಜಗಳವಾಡಿ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಗೆಳೆಯನ ಜೊತೆ ಹೋದವರು ಮತ್ತೆ ಬಂದಿರಲಿಲ್ಲ. ಆ ಗೆಳೆಯನ ಅಡ್ಡಹೆಸರು ಏನಿತ್ತು?

ರಾಸ್‌ಮುಸೆನ್.

ಹೀತ್‌ ವಿಷಯವನ್ನು ಪೊಲೀಸರಿಗೆ ಒಪ್ಪಿಸಿದರು. ಅದೇ ಹೊತ್ತಿಗೆ ರೇ-ವೆಂಟರ್ ತಂಡವೂ ಡಿಎನ್‌ಎ ದಾರಿಯಲ್ಲಿ ಅಲ್ಲಿಗೇ ಬರುತ್ತಿತ್ತು. ಬುಡವಿಲ್ಲದ ಕೂದಲೆಳೆಯಿಂದ ಡಿಎನ್‌ಎ ತೆಗೆಯುವುದು ಆಗದ ಮಾತು ಎಂದು ನಂಬಿದ್ದ ಕಾಲದಲ್ಲಿ, ಪ್ರಾಚೀನ ಮೂಳೆಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ ಎಡ್ ಗ್ರೀನ್ ಅದನ್ನು ಸಾಧಿಸಿ ತೋರಿಸಿದ್ದರು. 2019ರ ಜೂನ್‌ನಲ್ಲಿ ತಾಯಿ, ಇಬ್ಬರು ಹೆಣ್ಣುಮಕ್ಕಳ ಹೆಸರು ಪ್ರಕಟವಾಯಿತು. ನಾಲ್ಕನೆಯ ಮಗು ರಾಸ್‌ಮುಸೆನ್‌ನ ಸ್ವಂತ ಮಗಳು. ಅವಳಿಗೆ ಮಾತ್ರ ಹೆಸರಿರಲಿಲ್ಲ. ಡಿಎನ್‌ಎ ಡೋ ಪ್ರಾಜೆಕ್ಟ್‌ನ ನೆರವಿನಿಂದ 2025ರ ಸೆಪ್ಟೆಂಬರ್‌ನಲ್ಲಿ ಅದೂ ಸಿಕ್ಕಿತು: ರಿಯಾ ರಾಸ್‌ಮುಸೆನ್. ಮೊದಲ ಡ್ರಮ್ಮು ಸಿಕ್ಕು ಆಗಲೇ 40 ವರ್ಷವಾಗುತ್ತ ಬಂದಿತ್ತು.

ಪ್ಲಾಸ್ಟರಿಗೆ ಅಂಟಿದ ಕೂದಲು

*1948ರ ಡಿಸೆಂಬರ್ 1ರ ಬೆಳಗ್ಗೆ ಆಸ್ಟ್ರೇಲಿಯಾದ ಅಡಿಲೇಡ್ ಬಳಿಯ ಸಾಮರ್ಟನ್ ಕಡಲತೀರದಲ್ಲಿ ಸೂಟು ತೊಟ್ಟ ಗಂಡಸಿನ ಶವ. ಬಟ್ಟೆಯ ಲೇಬಲ್‌ಗಳು ಮಾಯವಾಗಿದ್ದವು. ಒಳಜೇಬಿನಲ್ಲಿ ಉಮರ್ ಖಯ್ಯಾಮನ ರುಬಾಯಿಗಳ ಪುಸ್ತಕದಿಂದ ಹರಿದ ಚೂರು, ಅದರ ಮೇಲೆ ‘ಮುಗಿಯಿತು’ ಎಂಬರ್ಥದ ಪರ್ಷಿಯನ್ ಮಾತು. ಗೂಢಚಾರನೇ ಇರಬೇಕು ಎಂದು ಜಗತ್ತು ದಶಕಗಟ್ಟಲೆ ಮಾತನಾಡಿತು.*

*ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಡೆರೆಕ್ ಆ್ಯಬಟ್‌ ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ಶವದ ಮುಖದಿಂದ ಎರಕ ಹೊಯ್ದಿದ್ದ ಪ್ಲಾಸ್ಟರ್ ಪ್ರತಿಮೆಗೆ ಅಂಟಿದ್ದ ಕೂದಲಿನ ಡಿಎನ್‌ಎಯಿಂದ, ಕಾಲೀನ್ ಫಿಟ್ಜ್‌ಪ್ಯಾಟ್ರಿಕ್‌ ನೆರವಿನಿಂದ ಸಾವಿರಾರು ಜನರ ವಂಶವೃಕ್ಷ ಕಟ್ಟಿ, ಆತ ಮೆಲ್ಬರ್ನಿನ ಎಂಜಿನಿಯರ್ ಕಾರ್ಲ್ ವೆಬ್ ಎಂದು 2022ರ ಜುಲೈನಲ್ಲಿ ಘೋಷಿಸಿದರು. ಪೊಲೀಸರು ಆಗ ಅದಕ್ಕೆ ಅಧಿಕೃತ ಮುದ್ರೆ ಒತ್ತಲಿಲ್ಲ.*

ಇಷ್ಟೆಲ್ಲ ಕೇಳಿದ ಮೇಲೆ ಹವ್ಯಾಸಿಗಳಿಗೆ ಜೈ ಎನ್ನಬೇಕೆನಿಸುತ್ತದೆ. ಆದರೆ ಈ ಹುಡುಕಾಟ ಕೈತಪ್ಪಿದಾಗ ಏನಾಗುತ್ತದೆ ಎಂಬುದನ್ನೂ ನೋಡಲೇಬೇಕು.

2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬು ಸಿಡಿಯಿತು. ಬ್ರೌನ್ ವಿಶ್ವವಿದ್ಯಾಲಯದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬ ಅದಕ್ಕೂ ಒಂದು ತಿಂಗಳ ಮೊದಲು ಕಾಣೆಯಾಗಿದ್ದ. ಮನೆಯವರು ಅವನ ಫೋಟೊ ಹಾಕಿ ಹುಡುಕುತ್ತಿದ್ದರು. ತನಿಖಾಧಿಕಾರಿಗಳು ಬಿಡುಗಡೆ ಮಾಡಿದ ಶಂಕಿತನ ಮಸುಕು ಚಿತ್ರಕ್ಕೂ ಈ ಫೋಟೊಗೂ ಹೋಲಿಕೆ ಕಂಡ ಅಂತರ್ಜಾಲದ ಪತ್ತೇದಾರರು ಇವನೇ ಅಪರಾಧಿ ಎಂದು ಸಾರಿಬಿಟ್ಟರು. ಮಗನಿಗಾಗಿ ಕಾಯುತ್ತಿದ್ದ ಮನೆಯ ಮೇಲೆ ಬೈಗುಳದ ಮಳೆ ಸುರಿಯಿತು. ಅಸಲಿ ಅಪರಾಧಿಗಳು ಬೇರೆಯವರೇ ಆಗಿದ್ದರು. ಕೆಲವೇ ದಿನಗಳಲ್ಲಿ ಆ ವಿದ್ಯಾರ್ಥಿಯ ಶವ ನದಿಯಲ್ಲಿ ಸಿಕ್ಕಿತು. ಬಾಂಬಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಎರಡು ಫೋಟೊ ಪಕ್ಕಪಕ್ಕ ಇಟ್ಟು ತೀರ್ಪು ಕೊಡುವ ಚಟ ಮಾಡಿದ ಈ ಗಾಯವನ್ನು ಯಾವ ಕ್ಷಮಾಪಣೆಯೂ ಮಾಯಿಸಲಾರದು.

ಹೆಸರು ಸಿಕ್ಕ ಮೇಲೂ ಪ್ರಶ್ನೆಗಳು ಉಳಿಯುತ್ತವೆ. 2018ರಲ್ಲಿ ಫ್ಲಾರಿಡಾದ ಕಾಡಿನ ಡೇರೆಯೊಂದರಲ್ಲಿ ಚಾರಣಿಗನೊಬ್ಬನ ಶವ ಸಿಕ್ಕಿತು. ದಾರಿಯಲ್ಲಿ ಕಂಡವರಿಗೆಲ್ಲ ಅವನು ‘ಮೋಸ್ಟ್ಲಿ ಹಾರ್ಮ್‌ಲೆಸ್’ ಎಂಬ ಅಡ್ಡಹೆಸರು ಹೇಳಿದ್ದ. ಮೆದು ಮಾತಿನ, ನಗುಮುಖದ ಆ ಅಪರಿಚಿತನನ್ನು ಸಾವಿರಾರು ಜನ ಹಚ್ಚಿಕೊಂಡರು. ಡಿಎನ್‌ಎ ಪರೀಕ್ಷೆಯ ಖರ್ಚಿಗೆ ಚಂದಾ ಎತ್ತಿದರು. ವಾನ್ಸ್ ರಾಡ್ರಿಗಸ್ ಎಂಬ ಹೆಸರು ಹೊರಬಿದ್ದಾಗ, ಅವನಿಂದ ಹಿಂಸೆ ಅನುಭವಿಸಿದ್ದ ಹೆಣ್ಣುಮಕ್ಕಳ ನೋವೂ ಹೊರಬಂತು. ಜನ ಕಟ್ಟಿಕೊಂಡಿದ್ದ ಚಿತ್ರ ಒಡೆಯಿತು.

ಇನ್ನೊಂದು ಪ್ರಕರಣದಲ್ಲಿ, 2001ರಲ್ಲಿ ವಾಷಿಂಗ್ಟನ್ ರಾಜ್ಯದ ಹೋಟೆಲಿನಲ್ಲಿ ‘ಲೈಲ್ ಸ್ಟೆವಿಕ್’ ಎಂಬ ಸುಳ್ಳು ಹೆಸರು ಬರೆಸಿ ಪ್ರಾಣ ಬಿಟ್ಟಿದ್ದ ಯುವಕನ ಗುರುತನ್ನು ಡಿಎನ್‌ಎ ಡೋ ಪ್ರಾಜೆಕ್ಟ್ 2018ರಲ್ಲಿ ಪತ್ತೆ ಮಾಡಿತು. ಹೆಸರು ಬಹಿರಂಗ ಮಾಡಬೇಡಿ ಎಂದು ಮನೆಯವರು ಕೇಳಿಕೊಂಡರು. ಅದಕ್ಕಾಗಿ ದುಡಿದ ಸ್ವಯಂಸೇವಕರು ಸುಮ್ಮನಾದರು. ಇಂದಿಗೂ ಆ ಹೆಸರನ್ನು ಅವರು ಪ್ರಕಟಿಸಿಲ್ಲ. ಈ ಹವ್ಯಾಸಕ್ಕೆ ಗೌರವ ತರುವ ನಡೆ ಇದು. ಹೆಸರು ಮೊದಲು ಸೇರಬೇಕಾದದ್ದು ಮನೆಯವರಿಗೆ, ಹುಡುಕಿದವರ ಕುತೂಹಲಕ್ಕೆ ಅದರ ಮೇಲೆ ಹಕ್ಕಿಲ್ಲ.

ಡಿಎನ್‌ಎ ಎಲ್ಲರಿಗೂ ಒಂದೇ ರೀತಿ ಒದಗುವುದೂ ಇಲ್ಲ. ಈ ಕೋಶಗಳಿಗೆ ಹೆಚ್ಚಾಗಿ ಡಿಎನ್‌ಎ ಹಾಕಿರುವವರು ಯುರೋಪ್ ಮೂಲದವರು. ಕಪ್ಪು ಜನ, ಮೂಲನಿವಾಸಿಗಳು, ವಲಸಿಗರ ಶವಗಳಿಗೆ ಬಂಧು ಸಿಗುವುದು ಕಷ್ಟ. 2019ರ ಮೇ ತಿಂಗಳಲ್ಲಿ ಬಂದ ನಿಯಮದಂತೆ ಜೆಡ್‌ಮ್ಯಾಚ್‌ನಲ್ಲಿ ಪೊಲೀಸರು ನೋಡಬಹುದಾಗಿದ್ದದ್ದು ಒಪ್ಪಿಗೆ ಕೊಟ್ಟವರ ವಿವರ ಮಾತ್ರ. ಆ ನಿಯಮ ನ್ಯಾಯವಾದದ್ದೇ. ಆದರೆ ಹುಡುಕುವವರ ದಾರಿ ಆಗ ಅಷ್ಟು ಕಿರಿದಾಯಿತು.

ಯುರೋಪಿನಲ್ಲಿ ಹುಡುಕಾಟಕ್ಕೆ ಜನರನ್ನು ಕರೆದದ್ದು ಪೊಲೀಸರೇ. 2023ರ ಮೇನಲ್ಲಿ ಇಂಟರ್‌ಪೋಲ್ ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿಗಳಲ್ಲಿ ಸಿಕ್ಕ 22 ಮಹಿಳೆಯರ ವಿವರವನ್ನು ಸಾರ್ವಜನಿಕರ ಮುಂದಿಟ್ಟಿತು. ಅವರಲ್ಲಿ ಒಬ್ಬರು 1992ರಲ್ಲಿ ಆಂಟ್‌ವರ್ಪ್‌ನ ನದಿಯಲ್ಲಿ ಸಿಕ್ಕವರು, ತೋಳಿನ ಮೇಲೆ ಕಪ್ಪು ಹೂವಿನ ಹಚ್ಚೆ. ಬ್ರಿಟನ್ನಿನ ಒಂದು ಕುಟುಂಬ ಸುದ್ದಿಯಲ್ಲಿ ಆ ಹಚ್ಚೆ ನೋಡಿ ಗುರುತಿಸಿತು. ಅವರು ವೇಲ್ಸ್‌ನ ರೀಟಾ ರಾಬರ್ಟ್ಸ್. ಅಭಿಯಾನ ಶುರುವಾದ ವರ್ಷವೇ ಹೆಸರು ಸಿಕ್ಕಿತು. 31 ವರ್ಷ ಪ್ರಯೋಗಾಲಯಕ್ಕೆ ಆಗದ್ದನ್ನು ಒಂದು ಹಚ್ಚೆಯ ಚಿತ್ರ ಮಾಡಿತು.

ನಮ್ಮಲ್ಲಿ

*ಕನ್ನಡ ಪತ್ರಿಕೆಗಳ ಸ್ಥಳೀಯ ಪುಟದ ಮೂಲೆಯಲ್ಲಿ ‘ಅಪರಿಚಿತ ಶವ ಪತ್ತೆ’ ಎಂಬ ನಾಲ್ಕು ಸಾಲಿನ ಪ್ರಕಟಣೆ ಎಲ್ಲರೂ ನೋಡಿರುವಂಥದೇ. ಸುಮಾರು 45 ವರ್ಷ, ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಗೆರೆಯ ಅಂಗಿ. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಲು ಕೋರಿಕೆ. ಠಾಣೆಯಲ್ಲಿ ಅದು ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ. ಯಾರೂ ಬಾರದಿದ್ದರೆ ಕೆಲವು ದಿನ ಶವಾಗಾರದಲ್ಲಿಟ್ಟು ಸ್ಥಳೀಯ ಸಂಸ್ಥೆಯ ಮೂಲಕ ಅಂತ್ಯಕ್ರಿಯೆ.*

*ದೇಶದಲ್ಲಿ ವರ್ಷಕ್ಕೆ ಸುಮಾರು 40,000 ಇಂಥ ಶವಗಳು ಸಿಗುತ್ತವೆ ಎಂದು ಲೋಕನೀತಿ ಫೌಂಡೇಷನ್ ಸುಪ್ರೀಂ ಕೋರ್ಟಿನ ಮುಂದೆ ಹೇಳಿತ್ತು. ಅವುಗಳ ಡಿಎನ್‌ಎ ಸಂಗ್ರಹಿಸಿ ಕಾಣೆಯಾದವರ ಮನೆಯವರ ಡಿಎನ್‌ಎ ಜೊತೆ ತಾಳೆ ನೋಡಬೇಕು ಎಂಬುದು ಅದರ ಬೇಡಿಕೆ. ಡಿಎನ್‌ಎ ಮಸೂದೆ ತರುವುದಾಗಿ ಸರ್ಕಾರ ಹೇಳಿದ ಮೇಲೆ ಅರ್ಜಿ 2018ರಲ್ಲಿ ಇತ್ಯರ್ಥವಾಯಿತು. 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಆ ಮಸೂದೆಯಲ್ಲಿ ಕಾಣೆಯಾದವರಿಗೆ, ಗುರುತು ಸಿಗದ ಮೃತರಿಗೆ ಬೇರೆಬೇರೆ ಕೋಶಗಳಿದ್ದವು. 2023ರ ಜುಲೈನಲ್ಲಿ ಮಸೂದೆಯನ್ನೇ ಹಿಂತೆಗೆದುಕೊಂಡರು.*

ನಮ್ಮಲ್ಲೂ ಹೆಸರಿಲ್ಲದ ಶವಗಳ ಬಗ್ಗೆ ಮಿಡಿದವರಿದ್ದಾರೆ. ಮೈಸೂರಿನ ಅಯೂಬ್ ಅಹ್ಮದ್ ವಾರಸುದಾರರಿಲ್ಲದ ಶವಗಳನ್ನು ಹೊತ್ತು ಸಂಸ್ಕಾರ ಮಾಡುವವರೆಂದೇ ಹೆಸರಾದವರು. ಮಣ್ಣು ಮಾಡುವ ಮೊದಲು ಬಂಧುಗಳ ಕಣ್ಣಿಗೆ ಬೀಳಲಿ ಎಂದು ಫೇಸ್‌ಬುಕ್ಕಿನಲ್ಲಿ ಫೋಟೊ ಹಾಕುವ ಕೆಲಸವನ್ನೂ ಅವರು ಮಾಡಿದ್ದಾರೆ. ಪೊಲೀಸ್ ಇಲಾಖೆಯ ವ್ಯವಸ್ಥೆಯೂ ಇಲ್ಲವೆಂದಲ್ಲ. ದೆಹಲಿ ಮತ್ತು ನೆರೆ ರಾಜ್ಯಗಳ ಪೊಲೀಸರು ‘ಜಿಪ್‌ನೆಟ್’ನಲ್ಲಿ ಕಾಣೆಯಾದವರು, ಅಪರಿಚಿತ ಶವ ಎರಡೂ ಪಟ್ಟಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ.

ಆದರೂ ಹಾಸನದಲ್ಲಿ ಬಸ್ಸು ಹತ್ತಿದವನು ಸೊಲ್ಲಾಪುರದ ರೈಲು ಹಳಿಯ ಪಕ್ಕ ಸತ್ತು ಬಿದ್ದರೆ, ನಾಪತ್ತೆ ದೂರು ಒಂದು ಠಾಣೆಯಲ್ಲಿ, ಯುಡಿಆರ್ ಇನ್ನೊಂದು ರಾಜ್ಯದ ಠಾಣೆಯಲ್ಲಿ, ಮರಾಠಿಯಲ್ಲಿ ಬಂದ ಪ್ರಕಟಣೆ ಕನ್ನಡದ ಮನೆಯನ್ನು ಮುಟ್ಟುವುದೇ ಇಲ್ಲ. ಕೆಂಟಕಿ ಮತ್ತು ಆರ್ಕನ್ಸಾ ನಡುವೆ 30 ವರ್ಷ ಇದ್ದ ಕಂದಕ ಇದೇ. ಅದನ್ನು ದಾಟಿಸಲು ಕಾನೂನು ಬೇಕು, ಖಾಸಗಿತನಕ್ಕೆ ಧಕ್ಕೆ ತಾರದಂತೆ ಮೃತರಿಗೂ ಕಾಣೆಯಾದವರಿಗೂ ಮೀಸಲಾದ ಡಿಎನ್‌ಎ ಕೋಶ ಬೇಕು. ಅಂತ್ಯಕ್ರಿಯೆಗೆ ಮೊದಲು ಪ್ರತಿ ಅಪರಿಚಿತ ಶವದ ಒಂದು ಹಲ್ಲನ್ನೋ ಮೂಳೆಯ ಚೂರನ್ನೋ ತೆಗೆದಿಡುವುದನ್ನು ಕಡ್ಡಾಯ ಮಾಡಬೇಕು. ಮಸೂದೆ ಹಿಂತೆಗೆದದ್ದರೊಂದಿಗೆ ಈ ಮಾತೂ ಮುಚ್ಚಿಹೋಗಬಾರದು.

ಅಷ್ಟರವರೆಗೆ ಮನೆಯವರ ಕೈಯಲ್ಲೂ ಕೆಲವು ಕೆಲಸಗಳಿವೆ. ಮನೆಯಿಂದ ಯಾರಾದರೂ ಹೋಗಿ ಬಾರದಿದ್ದರೆ, ‘ತಾನಾಗಿ ಬರುತ್ತಾನೆ’ ಎಂದೋ ನಾಲ್ಕು ಜನ ಏನೆಂದಾರು ಎಂದೋ ತಡ ಮಾಡಬೇಡಿ. ಠಾಣೆಗೆ ಹೋಗಿ ದೂರು ಬರೆಸಿ, ಅದರ ಪ್ರತಿ ಇಟ್ಟುಕೊಳ್ಳಿ. ನಗುವಾಗ ಹಲ್ಲು ಕಾಣುವ ಫೋಟೊ, ದಂತವೈದ್ಯರ ಚೀಟಿ, ಹಳೆಯ ಎಕ್ಸ್‌ರೇ, ಆಪರೇಷನ್ನಿನ ದಾಖಲೆ, ಹಚ್ಚೆಯ ವಿವರ ಎಲ್ಲವನ್ನೂ ಒಂದೇ ಕಡೆ ಎತ್ತಿಡಿ. ವರ್ಷ ಎಷ್ಟೇ ಕಳೆದರೂ ಹಳೆಯ ಫೋನ್ ನಂಬರನ್ನು ಬಿಡಬೇಡಿ, ಬಿಡಲೇಬೇಕಾದರೆ ಹೊಸದನ್ನು ಠಾಣೆಗೆ ಕೊಟ್ಟುಬನ್ನಿ. ನಾಳೆ ಪತ್ರಿಕೆ ತೆರೆದಾಗ ಮೂಲೆಯಲ್ಲಿರುವ ಆ ನಾಲ್ಕು ಸಾಲಿನ ಪ್ರಕಟಣೆಯನ್ನೂ ದಯವಿಟ್ಟು ಓದಿ. ಗುರುತು ಸಿಕ್ಕಿತೆನಿಸಿದರೆ ಎಲ್ಲೂ ಹಂಚದೆ ನೇರವಾಗಿ ಅದರಲ್ಲಿರುವ ಠಾಣೆಗೆ ಫೋನು ಮಾಡಿ.